ಮೈಬಣ್ಣ, ಮೊಬೈಲು ಮತ್ತು ಹರೆಯದ ಆತ್ಮವಿಶ್ವಾಸ

ಹುಡುಗಿ ಕಾಲೇಜಿನ ವೇದಿಕೆ ಹತ್ತಲು ಹಿಂಜರಿದರೆ ಅವಳಿಗೆ ಧೈರ್ಯ ಸಾಲದೆಂದೂ, ಹುಡುಗ ಕನ್ನಡಿಯ ಮುಂದಿನಿಂದ ಕದಲದಿದ್ದರೆ ಅವನಿಗೆ ಶೋಕಿ ಹೆಚ್ಚಾಯಿತೆಂದೂ ತೀರ್ಪು ಕೊಟ್ಟು ಸುಮ್ಮನಾಗುವುದು ಹಿರಿಯರಲ್ಲಿ ರೂಢಿಯಾಗಿದೆ. ಆತ್ಮವಿಶ್ವಾಸವು ಅವರವರ ಒಳಗೇ ಹುಟ್ಟಿ ಒಳಗೇ ಬೆಳೆಯುವ ಗುಣ, ಅದು ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂಬ ನಂಬಿಕೆ ಈ ತೀರ್ಪಿನ ಹಿಂದಿದೆ. ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳು ಸುಮಾರು ನೂರಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ವಿಚಾರಣೆ ಈ ನಂಬಿಕೆಯನ್ನು ಎತ್ತಿ ಹಿಡಿಯುವುದಿಲ್ಲ. ತಮ್ಮ ರೂಪದ ಬಗ್ಗೆ ಯುವಜನರು ಕಟ್ಟಿಕೊಳ್ಳುವ ಅಭಿಪ್ರಾಯದ ಬಹುಪಾಲು ಮನೆಮಂದಿಯ ಮಾತು, ತರಗತಿಯ ನಗೆ, ಮದುವೆಯ ಮಾರುಕಟ್ಟೆ, ಜಾಹೀರಾತು ಮತ್ತು ಈಚಿನ ವರ್ಷಗಳಲ್ಲಿ ಮೊಬೈಲಿನ ಪರದೆ ಇವುಗಳಿಂದ ಬಂದದ್ದಾಗಿರುತ್ತದೆ. ಕರ್ನಾಟಕದ ಮಟ್ಟಿಗೆ ಇದು ಅತ್ಯಂತ ಢಾಳಾಗಿ ಕಾಣುವುದು ಮೈಬಣ್ಣದ ವಿಷಯದಲ್ಲಿ.

ಈ ಚರ್ಚೆಯಲ್ಲಿ ಒಂದಕ್ಕೊಂದು ಬೆರೆತುಹೋಗುವ ಕೆಲವು ಪರಿಭಾಷೆಗಳನ್ನು ಮೊದಲಿಗೆ ಬಿಡಿಸಿಕೊಳ್ಳಬೇಕು. ವ್ಯಕ್ತಿ ತಾನು ಎಂಥವನೆಂದು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಒಟ್ಟು ಚಿತ್ರ ಸ್ವಬಿಂಬ; ಅದರೊಳಗೆ ದೇಹಕ್ಕೆ ಸಂಬಂಧಿಸಿದ ಭಾಗ ದೇಹಬಿಂಬ; ಆ ಚಿತ್ರಕ್ಕೆ ವ್ಯಕ್ತಿ ತಾನೇ ಕಟ್ಟುವ ಬೆಲೆ ಆತ್ಮಗೌರವ; ನಿರ್ದಿಷ್ಟವಾದ ಒಂದು ಕೆಲಸವನ್ನು ಮಾಡಬಲ್ಲೆನೆಂಬ ನೆಚ್ಚಿಕೆ ಆತ್ಮವಿಶ್ವಾಸ. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ವಿವರಿಸಿದ್ದ: ಮೇಲೆ ಸಾಧನೆ, ಕೆಳಗೆ ಹಂಬಲ. ಹಂಬಲ ಬೆಳೆದಷ್ಟೂ, ಸಾಧನೆ ಇದ್ದಷ್ಟೇ ಇದ್ದರೂ, ಭಾಗಲಬ್ಧ ಕುಗ್ಗುತ್ತ ಹೋಗುತ್ತದೆ. ತನಗೆ ಗ್ರೀಕ್ ಭಾಷೆ ಬಾರದಿರುವುದರಿಂದ ಕಿಂಚಿತ್ತೂ ಬೇಸರವಿಲ್ಲ, ಆದರೆ ಮನಶ್ಶಾಸ್ತ್ರದಲ್ಲಿ ಇನ್ನೊಬ್ಬರು ತನಗಿಂತ ಹೆಚ್ಚು ಬಲ್ಲರೆಂದು ಗೊತ್ತಾದರೆ ಮುಖಭಂಗವಾಗುತ್ತದೆ ಎಂದು ಅವನು ತನ್ನನ್ನೇ ಉದಾಹರಿಸಿಕೊಂಡಿದ್ದ. ಹಂಬಲವೇ ಇಲ್ಲದ ಕಡೆ ಸೋಲೂ ಇಲ್ಲವೆಂಬ ಈ ಲೆಕ್ಕ ಸರಳವಾಗಿ ಕಂಡರೂ ಅದರಿಂದ ಹೊರಡುವ ಪ್ರಶ್ನೆ ದೊಡ್ಡದು: ಹದಿನಾರರ ಹುಡುಗಿಗೆ ಬೆಳ್ಳಗಾಗಬೇಕೆಂಬ ಹಂಬಲವನ್ನು ಹುಟ್ಟಿಸಿದವರು ಯಾರು?

ಆ ಪ್ರಶ್ನೆಗೆ ಅರ್ಧ ಉತ್ತರವನ್ನು ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ ಕೊಟ್ಟ. ಅವನ ಪ್ರಕಾರ ಮನುಷ್ಯನಿಗೆ ಇತರರೇ ಕನ್ನಡಿ. ತಾನು ಅವರಿಗೆ ಹೇಗೆ ಕಾಣುತ್ತಿರಬಹುದೆಂದು ವ್ಯಕ್ತಿ ಊಹಿಸುತ್ತಾನೆ, ಹಾಗೆ ಕಂಡದ್ದಕ್ಕೆ ಅವರು ಏನೆಂದುಕೊಳ್ಳುತ್ತಿರಬಹುದೆಂದೂ ಊಹಿಸುತ್ತಾನೆ, ಆ ಎರಡನೆಯ ಊಹೆಯಿಂದ ಅವನಲ್ಲಿ ಹೆಮ್ಮೆಯೋ ನಾಚಿಕೆಯೋ ಮೂಡುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಎರಡೂ ಹಂತಗಳಲ್ಲಿ ಇರುವುದು ಊಹೆಯೇ ಹೊರತು ಇತರರು ನಿಜವಾಗಿ ಕಂಡದ್ದು ಅಥವಾ ಎಂದುಕೊಂಡದ್ದು ಅಲ್ಲ.

ಈ ಊಹೆ ಹರೆಯದಲ್ಲಿ ಅತಿಯಾಗುವುದಕ್ಕೆ ಕಾರಣವಿದೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ದೇಹ ವೇಗವಾಗಿ ಬದಲಾಗುತ್ತಿರುವ ಹೊತ್ತಿಗೇ ಇನ್ನೊಬ್ಬರ ಮನಸ್ಸಿನೊಳಗೆ ನಿಂತು ಯೋಚಿಸುವ ಸಾಮರ್ಥ್ಯವೂ ಬಲಿಯುತ್ತದೆ. ಆದರೆ ತನ್ನ ಚಿಂತೆಯೇ ಎಲ್ಲರ ಚಿಂತೆಯೂ ಅಲ್ಲವೆಂಬ ವಿವೇಕ ಬರಲು ಇನ್ನೂ ಕೆಲವು ವರ್ಷ ಹಿಡಿಯುತ್ತದೆ. ಹೀಗಾಗಿ ಮೂಗಿನ ಮೇಲಿನ ಒಂದು ಮೊಡವೆಯನ್ನು ಇಡೀ ಬಸ್ಸು ನೋಡುತ್ತಿದೆಯೆಂದು ಹದಿಹರೆಯದವರಿಗೆ ಅನ್ನಿಸುವುದು ಬರೀ ನಾಟಕವಲ್ಲ. 1967ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ ಇದಕ್ಕೆ ಕಾಲ್ಪನಿಕ ಪ್ರೇಕ್ಷಕವರ್ಗವೆಂಬ ಹೆಸರಿಟ್ಟ. ಈ ಪ್ರೇಕ್ಷಕರು ಎಷ್ಟರಮಟ್ಟಿಗೆ ಕಾಲ್ಪನಿಕರೆಂಬುದನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಳೆದರು. ಆ ಕಾಲದ ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಗಾಯಕನೊಬ್ಬನ ಮುಖವಿದ್ದ ಟಿ ಶರ್ಟನ್ನು ಪ್ರತಿ ಬಾರಿ ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಇತರರು ಕುಳಿತಿದ್ದ ಕೋಣೆಯೊಳಗೆ ಕಳಿಸಿ, ಎಷ್ಟು ಮಂದಿ ಅದನ್ನು ಗುರುತಿಸಿರಬಹುದೆಂದು ಅವನನ್ನು ಕೇಳಲಾಯಿತು. ಶರ್ಟು ತೊಟ್ಟವರು ಸುಮಾರು ಅರ್ಧದಷ್ಟು ಮಂದಿ ಗುರುತಿಸಿರಬೇಕೆಂದು ಅಂದಾಜು ಮಾಡಿದರು. ನಿಜವಾಗಿ ಗುರುತಿಸಿದವರು ಅದರ ಸುಮಾರು ಅರ್ಧದಷ್ಟು ಮಾತ್ರ. ಕೋಣೆಯಲ್ಲಿದ್ದ ಉಳಿದವರು ಬಹುಶಃ ತಮ್ಮ ತಮ್ಮ ಶರ್ಟಿನ ಚಿಂತೆಯಲ್ಲಿದ್ದರು.

ಕರ್ನಾಟಕದಲ್ಲಿ ಈ ಸಂಕೋಚ ಉಲ್ಬಣಿಸುವ ಒಂದು ನಿರ್ದಿಷ್ಟ ಘಟ್ಟವಿದೆ. ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿ ಪಿಯುಸಿಗಾಗಿ ತಾಲ್ಲೂಕು ಕೇಂದ್ರಕ್ಕೋ ನಗರದ ಹಾಸ್ಟೆಲಿಗೋ ಬಂದಾಗ, ಅಲ್ಲಿಯವರೆಗೆ ಯಾರ ಗಮನಕ್ಕೂ ಬರದಿದ್ದ ಚಪ್ಪಲಿ, ಕೂದಲಿಗೆ ಹಚ್ಚಿದ ಎಣ್ಣೆ, ಉಚ್ಚಾರಣೆ, ಇಂಗ್ಲಿಷಿನ ತಡವರಿಕೆ ಎಲ್ಲವೂ ಒಮ್ಮೆಲೇ ಅಳತೆಗೆ ಒಳಗಾಗುತ್ತವೆ. ಕಲಬುರಗಿಯ ಅಥವಾ ಚಾಮರಾಜನಗರದ ಆಡುನುಡಿ ಬೆಂಗಳೂರಿನ ತರಗತಿಯಲ್ಲಿ ನಗೆಯುಕ್ಕಿಸಿದರೆ, ಹಾಗೆ ನಕ್ಕವರು ಆ ಹೊತ್ತಿಗೇ ಮರೆತರೂ, ನಗೆಗೆ ಗುರಿಯಾದ ವಿದ್ಯಾರ್ಥಿ ವರ್ಷವಿಡೀ ಪ್ರಶ್ನೆ ಕೇಳಲು ಕೈಯೆತ್ತದೆ ಕುಳಿತಿರಬಹುದು. ಸ್ವಬಿಂಬವೆಂದರೆ ಮುಖದ ಚಂದವಷ್ಟೇ ಅಲ್ಲ, ಜಾತಿ, ವರ್ಗ, ಊರು ಮತ್ತು ನುಡಿಗಳ ಗುರುತು ಮೈಮೇಲೆ ಕಾಣಿಸಿಕೊಳ್ಳುವ ಬಗೆಯೂ ಅದರಲ್ಲಿ ಸೇರಿದೆಯೆಂಬುದನ್ನು ವಿದೇಶೀ ಪಠ್ಯಪುಸ್ತಕಗಳ ವಿವರಣೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಇಲ್ಲಿ ಅದನ್ನು ಬಿಟ್ಟರೆ ವಿಷಯವೇ ಬಿಟ್ಟುಹೋಗುತ್ತದೆ.

ಮೈಬಣ್ಣದ ಪ್ರಶ್ನೆ ಈ ಎಲ್ಲ ಗುರುತುಗಳನ್ನೂ ಒಟ್ಟಿಗೆ ಹೊತ್ತಿರುವುದರಿಂದಲೇ ಅದು ಅಷ್ಟು ಭಾರವಾದದ್ದು. ಬಿಳುಪನ್ನು ಮೇಲುಜಾತಿಯೊಂದಿಗೂ ನೆರಳಿನ ಕೆಲಸದೊಂದಿಗೂ, ಕಪ್ಪನ್ನು ಬಿಸಿಲಿನ ದುಡಿಮೆಯೊಂದಿಗೂ ತಳುಕುಹಾಕುವ ಅಭ್ಯಾಸ ಹಳೆಯದು. ಬ್ರಿಟಿಷರ ಆಳ್ವಿಕೆ ಅದನ್ನು ಹುಟ್ಟಿಸದಿದ್ದರೂ ಗಟ್ಟಿಮಾಡಿತು. ಬಸುರಿಗೆ ಕೇಸರಿ ಹಾಕಿದ ಹಾಲು ಕೊಟ್ಟರೆ ಮಗು ಕೆಂಪಗೆ ಹುಟ್ಟುತ್ತದೆಂಬ ನಂಬಿಕೆಯಿಂದ ಆರಂಭವಾಗುವ ಈ ಲೆಕ್ಕಾಚಾರ, ಬಾಣಂತಿಯ ಕೋಣೆಯಲ್ಲಿ ಕೂಸಿನ ಕಿವಿಯ ಬಣ್ಣ ನೋಡಿ ಮುಂದೆ ಅದು ಯಾರಂತಾದೀತೆಂದು ಅಂದಾಜು ಹಾಕುವಲ್ಲಿ ಮುಂದುವರಿದು, ಪತ್ರಿಕೆಯ ವಧು ಬೇಕಾಗಿದ್ದಾಳೆ ಅಂಕಣದ ಬೆಳ್ಳಗಿನ, ಗೋಧಿ ಬಣ್ಣದ ಎಂಬ ವಿಶೇಷಣಗಳವರೆಗೆ ಬರುತ್ತದೆ. ವಿಚಿತ್ರವೆಂದರೆ ಇದೇ ಸಮಾಜ ಮಕ್ಕಳಿಗೆ ಕರಿಯಪ್ಪ, ಕರಿಬಸಪ್ಪ, ಕಾಳಮ್ಮ ಎಂದು ದೇವರ ಹೆಸರನ್ನು ಅಭಿಮಾನದಿಂದ ಇಟ್ಟಿದೆ, ಕೃಷ್ಣನನ್ನೂ ದ್ರೌಪದಿಯನ್ನೂ ಶ್ಯಾಮವರ್ಣದವರೆಂದೇ ವರ್ಣಿಸಿದೆ, ಬೇಲೂರಿನ ದರ್ಪಣಸುಂದರಿಯನ್ನು ಕಪ್ಪು ಬಣ್ಣಕ್ಕೆ ಹತ್ತಿರವಾದ ಬಳಪದ ಕಲ್ಲಿನಲ್ಲಿ ಕಡೆದು ಒಂಬೈನೂರು ವರ್ಷಗಳಿಂದ ಮೆಚ್ಚುತ್ತ ಬಂದಿದೆ. ಶಿಲೆಗೂ ದೇವರಿಗೂ ಸಿಕ್ಕ ಈ ರಿಯಾಯಿತಿ ಮನೆಯ ಮಗಳಿಗೆ ಸಿಗಲಿಲ್ಲ.

ವಿಜ್ಞಾನದ ದೃಷ್ಟಿಯಲ್ಲಿ ಮೈಬಣ್ಣ ಒಂದು ರಕ್ಷಣಾ ವ್ಯವಸ್ಥೆ. ಚರ್ಮದ ಹೊರಪದರದ ತಳಭಾಗದಲ್ಲಿರುವ ಮೆಲನೋಸೈಟ್ ಎಂಬ ಜೀವಕೋಶಗಳು ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ, ಆ ಮೆಲನಿನ್ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಕೋಶದ ಒಳಗಿನ ತಳಿದ್ರವ್ಯವನ್ನು ಕಾಪಾಡುತ್ತದೆ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಮೆಲನೋಸೈಟುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ವರ್ಣದ್ರವ್ಯದ ಪ್ರಮಾಣ, ಬಗೆ ಮತ್ತು ಹಂಚಿಕೆ ಮಾತ್ರ ಬೇರೆ. 2005ರಲ್ಲಿ ಜೀಬ್ರಾಫಿಶ್ ಎಂಬ ಪುಟ್ಟ ಮೀನಿನ ಅಧ್ಯಯನದಿಂದ ಬೆಳಕಿಗೆ ಬಂದ ಎಸ್‌ಎಲ್‌ಸಿ 24 ಎ 5 ಎಂಬ ವಂಶವಾಹಿಯ ಒಂದು ಸಣ್ಣ ವ್ಯತ್ಯಾಸ ಮನುಷ್ಯರ ಬಣ್ಣದ ಮೇಲೂ ಗಣನೀಯ ಪ್ರಭಾವ ಬೀರುತ್ತದೆ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಭಾಗವಹಿಸಿದ್ದ, 2013ರಲ್ಲಿ ಪ್ರಕಟವಾದ ಅಧ್ಯಯನವು ಈ ವ್ಯತ್ಯಾಸ ಭಾರತದ ವಿವಿಧ ಸಮುದಾಯಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹರಡಿರುವುದನ್ನು ತೋರಿಸಿತು. ಇದಲ್ಲದೆ ಇನ್ನೂ ಹಲವು ವಂಶವಾಹಿಗಳು ಬಣ್ಣವನ್ನು ನಿರ್ಧರಿಸುವುದರಿಂದ ಒಂದೇ ತಂದೆತಾಯಿಯ ಮಕ್ಕಳಲ್ಲಿ ಒಬ್ಬಳು ಎಣ್ಣೆಗಪ್ಪು, ಇನ್ನೊಬ್ಬಳು ಗೋಧಿ ಬಣ್ಣವಾಗುವುದು ಸಹಜ. ಯಾವ ಮುಲಾಮೂ ವಂಶವಾಹಿಯನ್ನು ತಿದ್ದಲಾರದು. ಬಿಸಿಲಿನಿಂದ ಬಂದ ಕಪ್ಪನ್ನು ಅಲ್ಪಸ್ವಲ್ಪ ತಗ್ಗಿಸಬಹುದಾದರೂ, ಬಿಸಿಲು ತಾಗದ ತೋಳಿನ ಒಳಭಾಗದ ಬಣ್ಣವೇ ಸಾಮಾನ್ಯವಾಗಿ ವ್ಯಕ್ತಿಯ ಮೂಲ ಬಣ್ಣ, ಅದಕ್ಕಿಂತ ಬೆಳ್ಳಗಾಗುವ ಭರವಸೆಯನ್ನು ನಂಬುವಂತಿಲ್ಲ.

ಭರವಸೆಯ ವ್ಯಾಪಾರ ಮಾತ್ರ ಐದು ದಶಕಗಳಿಂದ ಸೊಂಪಾಗಿ ನಡೆದಿದೆ. 1975ರಲ್ಲಿ ಹಿಂದುಸ್ತಾನ್ ಲಿವರ್ ಕಂಪನಿ ಭಾರತದ ಮಾರುಕಟ್ಟೆಗೆ ತಂದ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು, ಕಪ್ಪಗಿದ್ದ ಕಾರಣಕ್ಕೆ ಕೆಲಸವೋ ವರನೋ ಸಿಗದಿದ್ದ ಹುಡುಗಿ ಕೆಲವೇ ವಾರಗಳಲ್ಲಿ ಬೆಳ್ಳಗಾಗಿ ಎಲ್ಲವನ್ನೂ ಗೆಲ್ಲುವ ಕಥೆಯನ್ನು ದೂರದರ್ಶನದ ಮೂಲಕ ಮನೆಮನೆಗೆ ಮುಟ್ಟಿಸಿತು. ಆ ಕಥೆಯ ಚಾತುರ್ಯವಿದ್ದದ್ದು ಕ್ರೀಮಿನಲ್ಲಲ್ಲ, ಆತ್ಮವಿಶ್ವಾಸಕ್ಕೂ ಬಿಳುಪಿಗೂ ಗಂಟುಹಾಕಿದ್ದರಲ್ಲಿ: ಹುಡುಗಿ ಮೊದಲು ಬೆಳ್ಳಗಾಗುತ್ತಾಳೆ, ಆಮೇಲೆ ತಲೆಯೆತ್ತುತ್ತಾಳೆ. 2005ರಲ್ಲಿ ಇಮಾಮಿ ಕಂಪನಿಯ ಫೇರ್ ಅಂಡ್ ಹ್ಯಾಂಡ್ಸಮ್ ಬಂದಮೇಲೆ ಹುಡುಗರೂ ಈ ಲೆಕ್ಕದೊಳಗೆ ಸೇರಿದರು. ಇದಕ್ಕೆ ವಿರೋಧವೂ ಹುಟ್ಟಿತು. ಚೆನ್ನೈನ ವಿಮೆನ್ ಆಫ್ ವರ್ತ್ ಸಂಸ್ಥೆ 2009ರಲ್ಲಿ ಕಪ್ಪು ಬಣ್ಣವೂ ಸುಂದರವೆಂಬ ಅಭಿಯಾನ ಆರಂಭಿಸಿತು, ನಟಿ ನಂದಿತಾ ದಾಸ್ 2013ರಲ್ಲಿ ಅದರ ಮುಖವಾದರು. ಕಪ್ಪಗಿರುವವರನ್ನು ದುಃಖಿಗಳೆಂದೋ ಸೋತವರೆಂದೋ ತೋರಿಸಬಾರದೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿನ ಚಳವಳಿ ಜಗತ್ತನ್ನೇ ಅಲುಗಾಡಿಸಿದ 2020ರಲ್ಲಿ ಹಳೆಯ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಎಂದು ಬದಲಾಯಿತು, ಶಾದಿ ಡಾಟ್ ಕಾಮ್ ಎಂಬ ವಿವಾಹ ಜಾಲತಾಣ ಮೈಬಣ್ಣದ ಪ್ರಕಾರ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ಹೆಸರು ಬದಲಾಯಿತೇ ವಿನಾ ಟ್ಯೂಬು ಅಂಗಡಿಯ ಕಪಾಟಿನಿಂದ ಇಳಿಯಲಿಲ್ಲ. ಬಿಳುಪಿನ ಜಾಗಕ್ಕೆ ಕಾಂತಿ ಬಂತು, ಹೊಳಪು ಬಂತು, ಕೊಳ್ಳುವವರಿಗೆ ಅರ್ಥವಾಗಬೇಕಾದದ್ದು ಅರ್ಥವಾಗುತ್ತಲೇ ಇದೆ.

ಇಂಥ ಪರಿಚಿತ ಕ್ರೀಮುಗಳಿಗಿಂತ ಹೆಚ್ಚು ಅಪಾಯಕಾರಿಯಾದವು ಬೇರೆ ಎರಡು. ಮೊದಲನೆಯದು ಸ್ಟಿರಾಯ್ಡ್ ಬೆರೆತ ಮುಲಾಮು. ಬೀಟಾಮೆಥಸೋನ್, ಕ್ಲೋಬಿಟಸಾಲ್, ಮೊಮೆಟಸೋನ್ ಮುಂತಾದ ಸ್ಟಿರಾಯ್ಡುಗಳು ಇಸಬಿನಂಥ ಚರ್ಮರೋಗಗಳಿಗೆ ವೈದ್ಯರು ನಿಗದಿತ ಅವಧಿಗೆ ಮಾತ್ರ ಕೊಡುವ ಔಷಧಗಳು. ಬಂಗಿಗೆಂದು ಬರೆದುಕೊಡುವ, ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಜೊತೆಗೆ ಸ್ಟಿರಾಯ್ಡೂ ಸೇರಿದ ತ್ರಿವಳಿ ಮುಲಾಮನ್ನು ಗೆಳತಿಯ ಮಾತು ಕೇಳಿಯೋ ಮೆಡಿಕಲ್ ಶಾಪಿನವನ ಸಲಹೆಯ ಮೇಲೋ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿಕೊಳ್ಳುವವರು ಊರೂರಲ್ಲಿದ್ದಾರೆ. ಸ್ಟಿರಾಯ್ಡು ಚರ್ಮದ ರಕ್ತನಾಳಗಳನ್ನು ಸಂಕುಚಿಸುವುದರಿಂದ ಮೊದಲ ವಾರಗಳಲ್ಲಿ ಮುಖ ನಿಜಕ್ಕೂ ತಿಳಿಯಾಗಿ ಕಾಣುತ್ತದೆ, ಆ ತಿಳಿಯೇ ಬಲೆ. ಕ್ರಮೇಣ ಚರ್ಮ ತೆಳುವಾಗಿ ಕೆಂಪು ನಾಳಗಳು ಮೇಲೆ ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಹುಡುಗಿಯರ ಗಲ್ಲದ ಮೇಲೆ ಕೂದಲು ಬೆಳೆಯುತ್ತದೆ. ಮುಲಾಮು ನಿಲ್ಲಿಸಿದರೆ ಮುಖ ಕೆಂಪೇರಿ ಉರಿಯುವುದರಿಂದ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ಸ್ಟಿರಾಯ್ಡಿನಿಂದ ಹಾಳಾದ ಇಂಥ ಮುಖಕ್ಕೆ ಭಾರತದ ಚರ್ಮವೈದ್ಯರು 2008ರಲ್ಲಿ ಪ್ರತ್ಯೇಕ ರೋಗನಾಮವನ್ನೇ ಕೊಡಬೇಕಾಯಿತು. ಅವರ ಸಂಘಟನೆಯ ಸತತ ಒತ್ತಾಯದ ಫಲವಾಗಿ ಕೇಂದ್ರ ಆರೋಗ್ಯ ಸಚಿವಾಲಯವು 2018ರಲ್ಲಿ ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿ ಎಷ್ಟಿವೆಯೆಂಬುದು ಔಷಧ ಕೊಂಡ ಎಲ್ಲರಿಗೂ ಗೊತ್ತಿರುವ ಸಂಗತಿ.

ಎರಡನೆಯದು ಪಾದರಸ. ಮೆಲನಿನ್ ತಯಾರಿಕೆಗೆ ಬೇಕಾದ ಟೈರೊಸಿನೇಸ್ ಎಂಬ ಕಿಣ್ವವನ್ನು ಪಾದರಸ ತಡೆಯುವುದರಿಂದ, ತಯಾರಕರ ವಿಳಾಸವೇ ಸರಿಯಾಗಿಲ್ಲದ ಅಗ್ಗದ ಕ್ರೀಮುಗಳಲ್ಲಿ ಅದನ್ನು ಬೆರೆಸುವುದುಂಟು. ಚರ್ಮದ ಮೂಲಕ ರಕ್ತಕ್ಕೆ ಸೇರಿದ ಪಾದರಸ ಮೂತ್ರಪಿಂಡದ ಸೋಸುಪದರವನ್ನು ಕೆಡಿಸುತ್ತದೆ, ಮೂತ್ರದಲ್ಲಿ ಪ್ರೋಟೀನು ಸೋರಿ ಕಾಲು ಮುಖ ಊದಿಕೊಳ್ಳುತ್ತವೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರ ಮಧ್ಯಭಾಗದಿಂದ 2023ರವರೆಗೆ ಕಂಡುಬಂದ ಇಂಥ ಮೂತ್ರಪಿಂಡ ರೋಗದ 22 ಪ್ರಕರಣಗಳಲ್ಲಿ 15 ಮಂದಿಯಲ್ಲಿ ಅಪರೂಪದ ಒಂದೇ ಲಕ್ಷಣವನ್ನು ಗುರುತಿಸಿದ ವೈದ್ಯರು, ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸುತ್ತಿದ್ದರೆಂಬುದನ್ನು ಪತ್ತೆಹಚ್ಚಿ ವೈದ್ಯಕೀಯ ನಿಯತಕಾಲಿಕದಲ್ಲಿ ವರದಿ ಮಾಡಿದರು. ಕ್ರೀಮು ನಿಲ್ಲಿಸಿದ ಮೇಲೆ ಬಹುಪಾಲು ರೋಗಿಗಳು ಚೇತರಿಸಿಕೊಂಡರು. ಮುಖಕ್ಕೆ ಹಚ್ಚುವ ಕ್ರೀಮಿಗೂ ಕಾಲಿನ ಊತಕ್ಕೂ ಸಂಬಂಧವಿರಬಹುದೆಂದು ವೈದ್ಯರಿಗೆ ಹೇಳಬೇಕೆಂಬುದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ.

ಗಂಡುಮಕ್ಕಳ ದೇಹಬಿಂಬದ ಸಂಕಟ ಇಷ್ಟೇ ನಿಜವಾದರೂ ಅದನ್ನು ಹೇಳಿಕೊಳ್ಳುವ ಅವಕಾಶ ಅವರಿಗೆ ಕಡಿಮೆ. ಎತ್ತರ, ಮೀಸೆ, ತೋಳಿನ ಗಾತ್ರ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ತಲೆಗೂದಲು ಅವರ ಚಿಂತೆಯ ವಿಷಯಗಳು. 2017ರಲ್ಲಿ ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ಒಂದು ಮೊಟ್ಟೆಯ ಕಥೆ ಎಂಬ ಚಿತ್ರದ ನಾಯಕ, ಬೋಳುತಲೆಯಿಂದಾಗಿ ಹೆಣ್ಣು ಸಿಗದೆ ಪಾಡುಪಡುವ ಕನ್ನಡ ಉಪನ್ಯಾಸಕ. ಆ ಚಿತ್ರ ಜನಪ್ರಿಯವಾಗಿ 2019ರಲ್ಲಿ ಹಿಂದಿಗೂ ಹೋಯಿತು. ಸ್ವತಃ ರೂಪದ ಕಾರಣಕ್ಕೆ ತಿರಸ್ಕೃತನಾದವನೂ ತಾನು ನೋಡುವ ಹುಡುಗಿಯಲ್ಲಿ ರೂಪವನ್ನೇ ಅಳೆಯುತ್ತಾನೆಂಬುದನ್ನು ಆ ಹಾಸ್ಯಚಿತ್ರ ಗಂಭೀರ ಪ್ರಬಂಧಗಳಿಗಿಂತ ಚೆನ್ನಾಗಿ ತೋರಿಸಿಕೊಟ್ಟಿತು. ಜಿಮ್ಮಿಗೆ ಹೋಗುವ ಹುಡುಗರಲ್ಲಿ ಕೆಲವರು ಬೇಗ ಮೈ ಕಟ್ಟುವ ಆತುರದಲ್ಲಿ ಅನಬಾಲಿಕ್ ಸ್ಟಿರಾಯ್ಡಿನ ಸೂಜಿ ತೆಗೆದುಕೊಳ್ಳುತ್ತಾರೆ. ಇವು ಪುರುಷ ಹಾರ್ಮೋನಿನ ಕೃತಕ ರೂಪಗಳಾಗಿದ್ದು, ಹೊರಗಿನಿಂದ ಬಂದದ್ದೇ ಸಾಕೆಂದು ದೇಹ ತನ್ನ ಸ್ವಂತ ಉತ್ಪಾದನೆಯನ್ನು ತಗ್ಗಿಸುವುದರಿಂದ ವೃಷಣಗಳು ಕುಗ್ಗಿ ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಹೆಚ್ಚು ಗಂಡಸಾಗಿ ಕಾಣಲೆಂದು ಮಾಡಿದ ಕೆಲಸದ ಫಲ ಇದು. ಹುಡುಗರಿರಲಿ ಹುಡುಗಿಯರಿರಲಿ, ರೂಪದ ಒತ್ತಡ ಪ್ರಾಣಕ್ಕೇ ಮುಳುವಾದದ್ದೂ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು.

ಹೋಲಿಕೆಯ ಈ ಜಗತ್ತಿಗೆ ಮೊಬೈಲು ಹೊಸ ಆಯಾಮ ಕೊಟ್ಟಿದೆ. ಅಳೆಯಲು ವಸ್ತುನಿಷ್ಠ ಮಾಪನವಿಲ್ಲದ ಕಡೆ ಮನುಷ್ಯ ಇತರರೊಂದಿಗೆ ಹೋಲಿಸಿಕೊಂಡೇ ತನ್ನ ಸ್ಥಾನ ತಿಳಿಯುತ್ತಾನೆಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಆ ಹೋಲಿಕೆ ತನಗೆ ಸರಿಸಮಾನರಾದವರೊಂದಿಗೆ ನಡೆಯುತ್ತದೆ. ಹಿಂದೆ ಆ ಸರಿಸಮಾನರೆಂದರೆ ಓಣಿಯ, ತರಗತಿಯ, ನೆಂಟರಿಷ್ಟರ ಮಕ್ಕಳು. ಚಿತ್ರತಾರೆಯ ಚಂದ ಬೇರೆ ಲೋಕದ್ದೆಂಬ ತಿಳಿವಳಿಕೆ ಎಲ್ಲರಿಗೂ ಇತ್ತು. ಇನ್‌ಸ್ಟಾಗ್ರಾಮಿನಲ್ಲಿ ಈ ಗಡಿ ಅಳಿಸಿದೆ. ಪಕ್ಕದೂರಿನ ಹುಡುಗಿಯೇ ಫಿಲ್ಟರಿನಲ್ಲಿ ಚರ್ಮ ನುಣುಪಾಗಿಸಿಕೊಂಡು, ಐವತ್ತು ಚಿತ್ರಗಳಲ್ಲಿ ಒಂದನ್ನು ಆಯ್ದು ಹಾಕಿದಾಗ, ನೋಡುವವಳು ತನ್ನ ಐವತ್ತನ್ನೂ ಆ ಒಂದರ ಎದುರು ಇಟ್ಟು ತೂಗುತ್ತಾಳೆ. ಫೇಸ್‌ಬುಕ್ ಕಂಪನಿಯ ಒಳಗಿನ ಅಧ್ಯಯನದ ಕಾಗದಗಳು 2021ರಲ್ಲಿ ಹೊರಬಿದ್ದಾಗ, ತಮ್ಮ ದೇಹದ ಬಗ್ಗೆ ಮೊದಲೇ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇಕಡಾ 32ರಷ್ಟು ಮಂದಿ ಇನ್‌ಸ್ಟಾಗ್ರಾಮಿನಿಂದ ಆ ಬೇಸರ ಹೆಚ್ಚಾಯಿತೆಂದು ಹೇಳಿದ್ದು ತಿಳಿದುಬಂತು. ಇದರಿಂದ ಮೊಬೈಲೇ ಎಲ್ಲಕ್ಕೂ ಮೂಲವೆಂದು ಸಾರುವುದು ಅವಸರವಾದೀತು. ಪರಿಣಾಮ ಎಲ್ಲರಲ್ಲೂ ಒಂದೇ ತೆರನಾಗಿಲ್ಲ, ಮೊದಲೇ ನೊಂದವರನ್ನು ಅದು ಹೆಚ್ಚು ತಟ್ಟುತ್ತದೆ.

ಕ್ಯಾಮೆರಾ ಸುಳ್ಳು ಹೇಳದೆಂಬ ನಂಬಿಕೆಯನ್ನೂ ಇಲ್ಲಿ ಪರೀಕ್ಷಿಸಬೇಕು. ಮುಖದಿಂದ ಸುಮಾರು ಒಂದು ಅಡಿ ದೂರದಲ್ಲಿ ಹಿಡಿದು ತೆಗೆದ ಸೆಲ್ಫಿಯಲ್ಲಿ, ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ, ಮೂಗಿನ ಬುಡ ಸುಮಾರು ಶೇಕಡಾ 30ರಷ್ಟು ಹೆಚ್ಚು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ಶಸ್ತ್ರವೈದ್ಯರು ಲೆಕ್ಕಹಾಕಿ ತೋರಿಸಿದರು. ಮೂಗು ಕ್ಯಾಮೆರಾಕ್ಕೆ ಕಿವಿಗಿಂತ ಹತ್ತಿರವಿರುವುದೇ ಇದಕ್ಕೆ ಕಾರಣ, ಇದು ಬರೀ ಜ್ಯಾಮಿತಿ. ಸೆಲ್ಫಿ ನೋಡಿ ಮೂಗು ದಪ್ಪವೆಂದು ಕೊರಗಿದವರು ಕೊರಗಿದ್ದು ತಮ್ಮದಲ್ಲದ ಮೂಗಿಗಾಗಿ. 1977ರ ಇನ್ನೊಂದು ಪ್ರಯೋಗದಲ್ಲಿ ವಿದ್ಯಾರ್ಥಿನಿಯರಿಗೆ ತಮ್ಮದೇ ಎರಡು ಚಿತ್ರಗಳನ್ನು, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವಂತೆ ಎಡಬಲ ಮಾಡಿದ್ದು, ಕೊಟ್ಟಾಗ ಅವರು ಹೆಚ್ಚಾಗಿ ಕನ್ನಡಿಯ ಚಿತ್ರವನ್ನೂ, ಅವರ ಗೆಳತಿಯರು ಇದ್ದ ಹಾಗಿನ ಚಿತ್ರವನ್ನೂ ಮೆಚ್ಚಿದರು. ಯಾವುದು ರೂಢಿಯೋ ಅದೇ ಚಂದವೆಂದು ಕಣ್ಣಿಗೆ ಅನ್ನಿಸುತ್ತದೆ. ಫೋಟೋದಲ್ಲಿ ತಾನು ಸರಿಯಾಗಿ ಕಾಣುವುದಿಲ್ಲವೆಂಬ, ಬಹುತೇಕ ಎಲ್ಲರೂ ಹೇಳುವ ದೂರಿಗೆ ಇದಕ್ಕಿಂತ ನಿಗೂಢವಾದ ಕಾರಣವೇನೂ ಇಲ್ಲ.

ಹಾಗಾದರೆ ಪರಿಹಾರವಾಗಿ ಏನು ಮಾಡಬೇಕೆಂಬಲ್ಲಿ ಜನಪ್ರಿಯ ಉತ್ತರವೊಂದು ಸಿದ್ಧವಾಗಿದೆ: ನಿನ್ನನ್ನು ನೀನು ಪ್ರೀತಿಸಿಕೋ, ನೀನು ಅದ್ಭುತವೆಂದು ದಿನವೂ ಹೇಳಿಕೋ. ವ್ಯಕ್ತಿತ್ವ ವಿಕಸನದ ಶಿಬಿರಗಳು ನಡೆಯುವುದೇ ಈ ಮಂತ್ರದ ಮೇಲೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ್ದು. ಅಲ್ಲಿನ ಸರ್ಕಾರ 1986ರಲ್ಲಿ ಆತ್ಮಗೌರವ ವೃದ್ಧಿಗೆಂದೇ ಕಾರ್ಯಪಡೆ ರಚಿಸಿತು, ಮಕ್ಕಳ ಆತ್ಮಗೌರವ ಏರಿದರೆ ಅಂಕವೂ ಏರುತ್ತದೆ, ಅಪರಾಧವೂ ಇಳಿಯುತ್ತದೆ ಎಂಬ ಆಶಯ ಅದರ ಹಿಂದಿತ್ತು. ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಈ ಕುರಿತ ಸಂಶೋಧನೆಗಳನ್ನೆಲ್ಲ ಜಾಲಾಡಿ 2003ರಲ್ಲಿ ಕೊಟ್ಟ ವಿಮರ್ಶೆಯು, ಆತ್ಮಗೌರವವನ್ನು ಉಬ್ಬಿಸಿದ್ದರಿಂದ ಓದು ಸುಧಾರಿಸಿದ್ದಕ್ಕೆ ಆಧಾರವಿಲ್ಲ, ಬದಲಿಗೆ ಚೆನ್ನಾಗಿ ಓದಿದ್ದರಿಂದಲೇ ಆತ್ಮಗೌರವ ಸ್ವಲ್ಪ ಏರಿರಬಹುದು ಎಂದಿತು. ಹೊಗಳಿಕೆಯ ಮಾತನ್ನು ಕನ್ನಡಿಯ ಮುಂದೆ ನಿಂತು ತನಗೆ ತಾನೇ ಹೇಳಿಕೊಳ್ಳುವವರು ಕನ್ನಡಿಯ ಮುಂದಿನಿಂದ ಕದಲಿರುವುದಿಲ್ಲವೆಂಬುದನ್ನೂ ಗಮನಿಸಬೇಕು. ರೂಪವೇ ಮುಖ್ಯವೆಂಬ ಮೂಲ ನಂಬಿಕೆ ಹಾಗೆಯೇ ಉಳಿದಿರುತ್ತದೆ.

ಇದಕ್ಕಿಂತ ಗಟ್ಟಿಯಾದ ದಾರಿಯನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ತೋರಿಸಿದ. ಮಾಡಬಲ್ಲೆನೆಂಬ ನೆಚ್ಚಿಕೆ ನಾಲ್ಕು ಮೂಲಗಳಿಂದ ಬರುತ್ತದೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ನಂಬಿಕಸ್ಥರ ಉತ್ತೇಜನ ಮತ್ತು ಆ ಹೊತ್ತಿನ ದೇಹಸ್ಥಿತಿ. ಇವುಗಳಲ್ಲಿ ಮೊದಲನೆಯದರ ಮುಂದೆ ಉಳಿದವು ದುರ್ಬಲ. ನೂರು ಬಾರಿ ನೀನು ಈಜಬಲ್ಲೆ ಎಂದು ಕೇಳಿಸಿಕೊಂಡದ್ದಕ್ಕಿಂತ ಒಮ್ಮೆ ಕೆರೆಯ ಆಚೆ ದಡ ಮುಟ್ಟಿದ್ದು ಹೆಚ್ಚು ಕೆಲಸ ಮಾಡುತ್ತದೆ. ಕರ್ನಾಟಕದ ಮಟ್ಟಿಗೆ ಇದಕ್ಕೆ ಬೇಕಾದ ವೇದಿಕೆಗಳು ಮೊದಲಿನಿಂದಲೂ ಇವೆ: ಕೊಕ್ಕೊ ಮತ್ತು ಕಬಡ್ಡಿಯ ಅಂಕಣ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಚರ್ಚಾಸ್ಪರ್ಧೆ, ಕರಾವಳಿ ಮತ್ತು ಮಲೆನಾಡಿನ ಯಕ್ಷಗಾನದ ಮಕ್ಕಳ ಮೇಳ, ಊರ ಹಬ್ಬದ ನಾಟಕ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು 1980ರಲ್ಲಿ ತೆರೆದಾಗ, ದೇಹವನ್ನು ನೋಡಿಸಿಕೊಳ್ಳುವ ವಸ್ತುವಾಗಿ ಅಲ್ಲದೆ ಕೆಲಸ ಮಾಡುವ ಸಾಧನವಾಗಿ ಕಾಣುವ ಶಿಕ್ಷಣವೊಂದು ಹಳ್ಳಿಯ ಯುವಜನರಿಗೆ ದಕ್ಕಿತು. ರಂಗದ ಮೇಲೆ ಕಪ್ಪು ಮುಖವೂ ಗಿಡ್ಡ ಮೈಯೂ ದೊಡ್ಡ ದನಿಯೂ ತಮ್ಮ ತಮ್ಮ ಪಾತ್ರವನ್ನು ಕಂಡುಕೊಳ್ಳುತ್ತವೆ. ಅಂಕದ ಹೆಸರಿನಲ್ಲಿ ಪಿಯುಸಿಯ ಎರಡು ವರ್ಷ ಆಟವನ್ನೂ ನಾಟಕವನ್ನೂ ಬಿಡಿಸುವ ಕಾಲೇಜುಗಳು ಮಕ್ಕಳಿಂದ ಕಸಿದುಕೊಳ್ಳುತ್ತಿರುವುದು ಮನರಂಜನೆಯನ್ನಲ್ಲ, ಆತ್ಮವಿಶ್ವಾಸ ಬೆಳೆಯುವ ಮಣ್ಣನ್ನು.

ಮನೆಯವರ ಪಾಲಿಗೆ ಉಳಿಯುವ ಕೆಲಸ ಇದಕ್ಕಿಂತ ಸುಲಭದ್ದು, ಹಾಗಿದ್ದೂ ಆಗದೆ ಉಳಿದಿರುವುದು. ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ, ಅಕ್ಕನಿಗೆ ಹೋಲಿಸಿದರೆ ಇವಳು ಸ್ವಲ್ಪ ಕಡಿಮೆಯೇ, ಇನ್ನೂ ದಪ್ಪಗಾಗಿದ್ದೀಯಲ್ಲೋ ಎಂಬ ಮಾತುಗಳನ್ನು ಮದುವೆ ಮುಂಜಿಗಳಲ್ಲಿ ಕ್ಷೇಮಸಮಾಚಾರದ ಬದಲಿಗೆ ಆಡುವ ಬಂಧುಗಳಿಗೆ ಅದು ವಾತ್ಸಲ್ಯದ ಸಲಿಗೆಯಾಗಿ ತೋರುತ್ತದೆ. ಕೇಳಿಸಿಕೊಂಡ ಹುಡುಗಿ ಅಥವಾ ಹುಡುಗನಿಗೆ ಅದೇ ಕೂಲಿ ಹೇಳಿದ ಕನ್ನಡಿ. ತಂದೆತಾಯಿಗಳು ಮಕ್ಕಳ ಎದುರೇ ಇಂಥ ಮಾತನ್ನು ತಡೆಯುವುದು, ತಮ್ಮ ಸ್ವಂತ ಬಣ್ಣ ಮತ್ತು ತೂಕದ ಬಗ್ಗೆ ಹಳಹಳಿಸುವುದನ್ನು ಬಿಡುವುದು ಯಾವ ಶಿಬಿರಕ್ಕಿಂತಲೂ ಹೆಚ್ಚು ಫಲ ಕೊಡಬಲ್ಲದು. ಶಾಲೆಯ ವಾರ್ಷಿಕೋತ್ಸವದಲ್ಲಿ ಬೆಳ್ಳಗಿರುವ ಮಕ್ಕಳನ್ನೇ ಹುಡುಕಿ ಮುಂದಿನ ಸಾಲಿಗೆ ನಿಲ್ಲಿಸುವ, ಅತಿಥಿಗೆ ಹೂಗುಚ್ಛ ಕೊಡಲು ಕಳಿಸುವ ಶಿಕ್ಷಕರಿಗೂ ಈ ಮಾತು ಅನ್ವಯಿಸುತ್ತದೆ.

ರೂಪದ ಚಿಂತೆ ಎಲ್ಲಿಯವರೆಗೆ ಸಹಜ, ಎಲ್ಲಿಂದಾಚೆಗೆ ಕಾಯಿಲೆ 
ಎಂಬುದಕ್ಕೂ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಇತರರಿಗೆ ಕಾಣದ ಅಥವಾ ತೀರ ಅಲ್ಪವಾದ ಊನವೊಂದನ್ನು ಮನಸ್ಸಿಗೆ ಹಚ್ಚಿಕೊಂಡು, ದಿನದಲ್ಲಿ ಗಂಟೆಗಟ್ಟಲೆ ಕನ್ನಡಿ ನೋಡುವುದು ಅಥವಾ ಕನ್ನಡಿಯನ್ನೇ ತಪ್ಪಿಸುವುದು, ಮುಖ ಮುಚ್ಚಿಕೊಂಡೇ ಓಡಾಡುವುದು, ಕಾಲೇಜು ಬಿಡುವುದು, ಒಂದಾದ ಮೇಲೊಂದು ಚಿಕಿತ್ಸೆಗೆ ಅಲೆಯುವುದು ಕಂಡುಬಂದರೆ ಅದು ದೇಹವಿಕಾರ ಭ್ರಮೆಯ ಕಾಯಿಲೆಯಿರಬಹುದು. ಇಟಲಿಯ ವೈದ್ಯ ಎನ್ರಿಕೊ ಮೋರ್ಸೆಲ್ಲಿ 1891ರಲ್ಲೇ ಗುರುತಿಸಿದ್ದ ಈ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದಲ್ಲಿ ಆರಂಭವಾಗುತ್ತದೆ, ಸುಮಾರು ನೂರಕ್ಕೆ ಇಬ್ಬರಲ್ಲಿ ಇರುತ್ತದೆಂದು ಅಂದಾಜು, ಆತ್ಮಹತ್ಯೆಯ ಯೋಚನೆಗೂ ದೂಡಬಲ್ಲದು. ಇದಕ್ಕೆ ಬೇಕಾದದ್ದು ಚರ್ಮವೈದ್ಯರ ಕ್ರೀಮೂ ಅಲ್ಲ, ಪ್ಲಾಸ್ಟಿಕ್ ಸರ್ಜರಿಯೂ ಅಲ್ಲ, ಮನೋವೈದ್ಯರ ಚಿಕಿತ್ಸೆ. ಆಪ್ತಚಿಕಿತ್ಸೆ ಮತ್ತು ಔಷಧಗಳಿಂದ ಬಹಳಷ್ಟು ಮಂದಿ ಸುಧಾರಿಸುತ್ತಾರೆ. ರೂಪದ ಚಿಂತೆಗೆ ಇಂಬುಕೊಡುವ ಮೊಬೈಲ್ ಬಳಕೆ ಕೈಮೀರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಪ್ರತ್ಯೇಕ ಕ್ಲಿನಿಕ್ ತೆರೆದಿದೆ, ನಿಮ್ಹಾನ್ಸಿನ ಮಾರ್ಗದರ್ಶನದಲ್ಲಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಯುವ ಸ್ಪಂದನ ಕೇಂದ್ರಗಳ ಮೂಲಕ ಯುವಜನರಿಗೆ ಆಪ್ತಸಲಹೆ ಕೊಡಿಸುತ್ತಿದೆ. ಇಷ್ಟು ದೂರ ಹೋಗಲು ಸಂಕೋಚಪಡುವವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಬಹುದು. ದಿನದ 24 ಗಂಟೆಯೂ ತೆರೆದಿರುವ ಈ ಸೇವೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.